‘ಗೆಟ್’ ಪದದ ನಲವತ್ತೊಂದು ಅರ್ಥ

ಗೈಡ್‌ನಲ್ಲಿ ಇದ್ದದ್ದು ಒಂದೇ ಸಾಲು: ‘ಗೆಟ್ ಎಂದರೆ ಪಡೆ.’ ಅದರ ಕೆಳಗೆ ‘ಗಿವ್ ಎಂದರೆ ಕೊಡು.’ ಅದರ ಕೆಳಗೆ ‘ಗೋ ಎಂದರೆ ಹೋಗು.’ ಹಳದಿ ರಟ್ಟಿನ ಆ ಪುಸ್ತಕವನ್ನು ನಾನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಎದುರಿಗೆ ಕೂತವಳು ಬೆಚ್ಚಿ ಸೆರಗು ಸರಿಮಾಡಿಕೊಂಡಳು.

“ಇದನ್ನ ಯಾರ ಕೊಟ್ರು ನಿನಗ?”

“ಬನಹಟ್ಟಿ ಟ್ಯೂಷನ್ ಸರ್ ಕೊಟ್ರರಿ ಬಾಯಾರ. ಎಲ್ಲಾ ಇದರಾಗ ಐತಿ, ಬಾಯಿಪಾಠ ಮಾಡು ಅಂದ್ರು.”

“ಮಾಡಿದಿ?”

“ಎರಡ ಸಲ ಮಾಡೇನ್ರಿ. ಎರಡೂ ಸಲ ನಪಾಸ ಆಗೇನಿ.”

ಅವಳು ಇಪ್ಪತ್ತು ವರ್ಷದ ಹಿಂದೆ ನನ್ನ ವಿದ್ಯಾರ್ಥಿನಿ. ರಬಕವಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿದೆ. ಹತ್ತನೆಯ ತರಗತಿಯಲ್ಲಿ ಎಲ್ಲ ವಿಷಯ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ಉಳಿದವರ ಪೈಕಿ ಅವಳೂ ಒಬ್ಬಳು. ಆಮೇಲೆ ನೇಕಾರರ ಮನೆಗೆ ಮದುವೆಯಾಗಿ ಹೋದಳು. ಅವರ ಓಣಿಯಲ್ಲಿ ಊರಿನ ಹಿರಿಯರ ಮಂಡಳಿಯೊಂದು ನಡೆಸುವ ಶಿಶುವಿಹಾರದಲ್ಲಿ ಹನ್ನೊಂದು ವರ್ಷದಿಂದ ಸಹಾಯಕಿ. ಬೆಳಿಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಮೂಗು ಒರೆಸುವುದು, ಉಪ್ಪಿಟ್ಟು ಮಾಡುವುದು, ಕಸ ಗುಡಿಸುವುದು ಅವಳ ಕೆಲಸ. ಅಲ್ಲಿನ ಶಿಕ್ಷಕಿಗೆ ಮಂಡಿನೋವು ಶುರುವಾದ ಮೇಲೆ ಅಕ್ಷರ ತಿದ್ದಿಸುವುದು, ಹಾಡು ಹೇಳಿಸುವುದು, ಹಾಜರಿ ಬರೆಯುವುದೂ ಅವಳ ಪಾಲಿಗೇ ಬಂತು. ಶಿಕ್ಷಕಿ ಕುರ್ಚಿಯಲ್ಲಿ ಕೂತು ಫೋನ್ ನೋಡುತ್ತಿದ್ದರು. ಬೇಸಿಗೆ ರಜೆಯ ನಂತರ ತಾನು ಬರುವುದಿಲ್ಲವೆಂದು ಅವರು ಹೇಳಿದಾಗ ಮಂಡಳಿಯವರು ಇವಳನ್ನು ಕರೆದು, “ಹತ್ತನೇತ್ತ ಪಾಸ ಮಾಡ್ಕೊಂಬಾ, ಆ ಕುರ್ಚಿ ನಿಂದ” ಅಂದರು. ಅದಕ್ಕೇ ಅವಳು ಜಮಖಂಡಿಯ ನನ್ನ ಮನೆಯ ಬಾಗಿಲು ತಟ್ಟಿದ್ದು. ಪರೀಕ್ಷೆಗೆ ಒಂಬತ್ತು ವಾರ ಉಳಿದಿತ್ತು.

ನನಗೆ ಆ ಹಳದಿ ಪುಸ್ತಕದ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಂಗ್ಲಿಷಿನಲ್ಲಿ ಮಂಚದಿಂದ ಏಳಲು ಗೆಟ್ ಬೇಕು, ಬಸ್ಸು ಹತ್ತಲು ಬೇಕು, ಇಳಿಯಲೂ ಬೇಕು. ಮಳೆಯಲ್ಲಿ ತೊಯ್ದರೆ, ಜ್ವರ ಬಂದರೆ, ಜ್ವರ ಬಿಟ್ಟರೆ, ಮದುವೆಯಾದರೆ, ಕತ್ತಲಾದರೆ, ದಾರಿ ತಪ್ಪಿದರೆ, ಮನೆ ಸೇರಿದರೆ, ಹೇಳಿದ್ದು ತಲೆಗೆ ಹೊಕ್ಕರೆ ಅದೇ ಮಾತು. ಇದ್ದುದರಲ್ಲಿ ಹೇಗೋ ಕಾಲ ತಳ್ಳುವುದಕ್ಕೂ ಅದೇ, ತಪ್ಪು ಮಾಡಿ ಪಾರಾಗುವುದಕ್ಕೂ ಅದೇ. ಇಷ್ಟನ್ನೆಲ್ಲ ‘ಪಡೆ’ ಎಂದು ಬರೆದು ಅಚ್ಚು ಹಾಕಿಸಿ ಊರೂರಿಗೆ ಕಳಿಸುವವನು ಯಾವನು? ಅವನನ್ನು ನಂಬಿ, ಪರೀಕ್ಷೆಯಲ್ಲಿ ಒಬ್ಬ ಮನುಷ್ಯ ರೈಲಿನಿಂದ ‘ಕೆಳಗೆ ಪಡೆದನು’ ಎಂದು ಅರ್ಥ ಮಾಡಿಕೊಂಡು, ಏನೂ ತಿಳಿಯದೆ ಖಾಲಿ ಹಾಳೆ ಕೊಟ್ಟು ಬಂದ ಹೆಣ್ಣುಮಕ್ಕಳು ಮುಧೋಳ, ಬೀಳಗಿ, ಹುನ್ನೂರಿನ ತುಂಬ ಇದ್ದಾರೆ. ತಾವು ದಡ್ಡರು ಎಂದುಕೊಂಡು ಅವರು ಮನೆಯಲ್ಲಿ ಕೂತಿದ್ದಾರೆ. ಪುಸ್ತಕ ಬರೆದವನು ಮಾತ್ರ ತನ್ನನ್ನು ದಡ್ಡ ಎಂದುಕೊಂಡಿರಲಿಕ್ಕಿಲ್ಲ.

ನನ್ನ ಬಳಿ ಒಂದು ನೋಟುಪುಸ್ತಕವಿತ್ತು. ಕೆಲಸಕ್ಕೆ ಸೇರಿದ ವರ್ಷದಿಂದ ಗೆಟ್ ಪದದ ಒಂದೊಂದು ಬಳಕೆಯನ್ನೂ ಉದಾಹರಣೆ ಸಮೇತ ಅದರಲ್ಲಿ ಬರೆಯುತ್ತಾ ಬಂದಿದ್ದೆ. ನಿವೃತ್ತಿಯ ಹೊತ್ತಿಗೆ ನಲವತ್ತೊಂದಾಗಿದ್ದವು. ಅವಳಿಗೆ ಕ್ರಮ ಹೇಳಿದೆ. ಸೋಮವಾರ, ಬುಧವಾರ, ಶುಕ್ರವಾರ ನಾಲ್ಕು ಗಂಟೆಗೆ ಪಾಠ. ಉಳಿದ ವ್ಯಾಕರಣ, ಪತ್ರ, ಪದ್ಯದ ಜೊತೆಗೆ ದಿನಕ್ಕೆ ಈ ಪದದ ಒಂದು ಅರ್ಥ. ಹತ್ತು ವಾಕ್ಯ ಬರೆದು ತರಬೇಕು. ಒಂದು ಪಕ್ಕಾ ಆಗುವ ತನಕ ಎರಡನೆಯದಿಲ್ಲ. ಪಾಠದಲ್ಲಿ ಕನ್ನಡದ ಒಂದು ಶಬ್ದವೂ ಬರಕೂಡದು.

ಇದು ನನ್ನ ಅಪ್ಪನ ಶಿಸ್ತು. ನಮ್ಮ ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಅಭ್ಯಾಸದ ಮೇಜಿನಲ್ಲಿ ಇಂಗ್ಲಿಷ್. ಮರಾಠಿಯ ನಡುವೆ ಕನ್ನಡ ಬಂದರೆ ಊಟದ ತಟ್ಟೆ ಸರಿಸಿಬಿಡುತ್ತಿದ್ದರು. ಬೆಳಿಗ್ಗೆ ಐದಕ್ಕೆ ಏಳು, ಆರಕ್ಕೆ ಓದು, ಏಳಕ್ಕೆ ನೀರು ತುಂಬು. ಅದರಿಂದ ನಾನು ಉದ್ಧಾರವಾದೆ ಎಂದು ನಂಬಿದ್ದೆ. ಹೀಗಾಗಿ ಬೇರೆಯವರೂ ಹಾಗೇ ಆಗಬೇಕು ಎಂಬುದರಲ್ಲಿ ನನಗೆ ಸಂಶಯ ಇರಲಿಲ್ಲ.

ಅವಳು ಬೆರಳು ಮಡಚಿ ಎಣಿಸಿದಳು. “ಬಾಯಾರ, ಒಂಬತ್ತ ವಾರಕ್ಕ ಇಪ್ಪತ್ತೇಳ ಪಾಠ ಆಕ್ಕಾವ್ರಿ. ಅರ್ಥ ನಲವತ್ತೊಂದ ಅದಾವು. ಉಳದ ಹದಿನಾಲ್ಕು?”

“ಮೊದಲ ಇಪ್ಪತ್ತೇಳು ಕಲಿ.”

“ಪರೀಕ್ಷಾದಾಗ ಆ ಹದಿನಾಲ್ಕರಾಗಿಂದ ಬಂದ್ರರಿ?”

“ಇಂಗ್ಲಿಷಿನ್ಯಾಗ ಕೇಳು,” ಅಂದೆ. ಅವಳು ಮಡಚಿದ ಬೆರಳು ಬಿಚ್ಚಿದಳು.

ಮೂರು ವಾರ ನಡೆಯಿತು. ಅವಳು ವಾಕ್ಯ ಬರೆದು ತರುತ್ತಿದ್ದಳು, ಎಲ್ಲವೂ ಸರಿಯಾಗಿರುತ್ತಿದ್ದವು, ಮುಂದಿನ ಪಾಠಕ್ಕೆ ಮರೆತಿರುತ್ತಿದ್ದಳು. ನಾನು ರೇಗುತ್ತಿದ್ದೆ. ನಾಲ್ಕನೆಯ ವಾರದ ಬುಧವಾರ ಅವಳು ಬಂದಾಗ ನಾಲ್ಕೂವರೆ ದಾಟಿತ್ತು. ನಾನು ಪುಸ್ತಕ ಮುಚ್ಚಿಟ್ಟು ಪಡಸಾಲೆಯಲ್ಲಿ ಕೂತಿದ್ದೆ.

“ಮನ್ಯಾಗ ಕೆಚ್ಚ ಇತ್ರಿ ಬಾಯಾರ, ಏಳಾಕ ಬರಲಿಲ್ರಿ,” ಅಂದಳು.

ಕೆಚ್ಚು ಎನ್ನುವ ಮಾತು ನಾನು ಮೂವತ್ತನಾಲ್ಕು ವರ್ಷ ಕೇಳಿದ್ದೆ. ತಡವಾಗಿ ಬರುವ ಹುಡುಗಿಯರೆಲ್ಲ ಅದನ್ನೇ ಹೇಳುತ್ತಿದ್ದರು. ನನ್ನ ಮಟ್ಟಿಗೆ ಅದು ಒಂದು ನೆಪದ ಹೆಸರು. ನಾನು ಎದ್ದು ನಿಂತು ಎರಡು ಶಬ್ದ ಹೇಳಿದೆ. ತರಗತಿಯಲ್ಲಿ ಸಾವಿರ ಸಲ ಹೇಳಿದ್ದ ಶಬ್ದಗಳೇ: “ಗೆಟ್ ಔಟ್.”

ಅವಳು ಅಳಲಿಲ್ಲ. ಚಪ್ಪಲಿ ಮೆಟ್ಟುತ್ತ ಹೇಳಿದಳು: “ಇದೊಂದು ಅರ್ಥ ನನಗ ಪಕ್ಕಾ ಆಗೇತ್ರಿ ಬಾಯಾರ. ಹತ್ತನೇತ್ತದಾಗ ಪರೀಕ್ಷಾ ಹತ್ತು ದಿನ ಇದ್ದಾಗ ನೀವ ಹೇಳಿದ್ರಿ. ಆವತ್ತೂ ನಮ್ಮವ್ವನ ಮನ್ಯಾಗ ಕೆಚ್ಚ ಇತ್ತು. ಆಮ್ಯಾಲ ನಾ ಇಂಗ್ಲಿಷ್ ಪೀರಿಯಡ್‌ಕ ಬರಲೇ ಇಲ್ಲ. ನಿಮಗ ನೆನಪಿರಲಿಕ್ಕಿಲ್ರಿ.”

ನೆನಪಿರಲಿಲ್ಲ. ಅದೇ ನನ್ನನ್ನು ಕೆರಳಿಸಿದ್ದು. ನೆನಪಿದ್ದರೆ ಕಾರಣ ಕೊಡಬಹುದಿತ್ತು.

ಶುಕ್ರವಾರ ಅವಳು ಬರಲಿಲ್ಲ, ಸೋಮವಾರವೂ ಬರಲಿಲ್ಲ. ಬುಧವಾರ ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ನಾನೇ ರಬಕವಿಯ ಬಸ್ಸು ಹತ್ತಿದೆ. ಕ್ಷಮೆ ಕೇಳಲು ಹೋಗಿದ್ದೆ ಎಂದು ಈಗ ಹೇಳಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಅದು ಸುಳ್ಳು. ಪರೀಕ್ಷೆ ಇಟ್ಟುಕೊಂಡು ಮನೆಯಲ್ಲಿ ಕೂತಿದ್ದಾಳೆ ಎಂದು ಬಯ್ಯಲು ಹೋಗಿದ್ದೆ.

ಅವರದು ಉದ್ದನೆಯ ಒಂದೇ ಕೋಣೆಯ ಮನೆ, ಅರ್ಧಕ್ಕರ್ಧ ಜಾಗ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗಕ್ಕೆ. ಮಗ್ಗದ ಹಿಂದೆ ನಾಲ್ಕು ಹೆಂಗಸರು ಸಾಲಾಗಿ ಕೂತಿದ್ದರು. ಅವಳು, ಅವಳ ಅತ್ತೆ, ನೆರೆಮನೆಯ ಇಬ್ಬರು. ಎಳೆ ಜಾರದಂತೆ ಎಲ್ಲರ ಬೆರಳಿಗೂ ಬೂದಿ. ನಾನು ಹೊಸ್ತಿಲಲ್ಲಿ ನಿಂತದ್ದನ್ನು ಮೊದಲು ನೋಡಿದವಳು ಅತ್ತೆ.

“ಯಾಕ್ರಿ ಬಾಯಾರ, ಸೊಸಿನ ಬಡಿಯಾಕ ಬಂದ್ರ್ಯಾ? ಬಡೀರಿ. ಆದ್ರ ಕೈಗಿ ಬಡೀಬ್ಯಾಡ್ರಿ, ಇನ್ನಾ ಎಂಟನೂರ ಎಳಿ ಅದಾವು.”

ಯಾರೂ ಏಳಲಿಲ್ಲ. ಒಬ್ಬಳು ಕಾಲಿನಿಂದಲೇ ಮಣೆ ನನ್ನತ್ತ ಸರಿಸಿದಳು. ಕೂತು ನೋಡಿದೆ. ಮಗ್ಗಕ್ಕೆ ಉದ್ದಕ್ಕೆ ಹೂಡಿದ ನೂಲೇ ಹಾಸು. ಒಂದು ಹಾಸು ನೇಯ್ದು ಮುಗಿಯುವ ಹೊತ್ತಿಗೆ ಅದರ ಕೊನೆಯ ಮೊಳದಷ್ಟು ನೂಲನ್ನು, ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ ಹಣಿಗೆಯೊಳಗೆ ಹಾಗೇ ಬಿಟ್ಟಿರುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ಒಂದೊಂದು ಎಳೆಗೆ ಬೆರಳಿನಲ್ಲಿ ಹೊಸೆದು ಕೂಡಿಸುತ್ತಾರೆ. ಕೂಡಿಸಿ ಎಳೆದರೆ ಹಳೆಯ ನೂಲಿನ ಬೆನ್ನಿಗೆ ಹೊಸ ನೂಲು ತನ್ನ ಜಾಗ ಹುಡುಕಿಕೊಂಡು ಹಣಿಗೆ ದಾಟುತ್ತದೆ. ಅದೇ ಕೆಚ್ಚು. ಸಾವಿರಾರು ಎಳೆ. ನಡುವೆ ಎದ್ದರೆ ಬಿಡಿ ಎಳೆಗಳು ಒಂದಕ್ಕೊಂದು ಸಿಕ್ಕಾಗುತ್ತವೆ, ಹಿಡಿದವರೇ ಮುಗಿಸಬೇಕು. ಇವತ್ತು ಇವರ ಮನೆಗೆ ಅವರು ಬಂದರೆ ನಾಳೆ ಅವರ ಮನೆಗೆ ಇವಳು ಹೋಗಬೇಕು. ಅರ್ಧಕ್ಕೆ ಎದ್ದು ಬಂದವಳ ಮನೆಗೆ ಮುಂದಿನ ಸಲ ಯಾರೂ ಬರುವುದಿಲ್ಲ, ಅವಳ ಮಗ್ಗ ನಿಲ್ಲುತ್ತದೆ.

ಈ ಊರಿನ ಅನ್ನ ಮೂವತ್ತನಾಲ್ಕು ವರ್ಷ ಉಂಡು ನಾನು ಇದನ್ನು ಒಂದು ಸಲವೂ ನೋಡಿರಲಿಲ್ಲ. ಬಸ್ ನಿಲ್ದಾಣದಿಂದ ಶಾಲೆ, ಶಾಲೆಯಿಂದ ಬಸ್ ನಿಲ್ದಾಣ. ಎಷ್ಟು ಹುಡುಗಿಯರನ್ನು ಹೊರಗೆ ಕಳಿಸಿದ್ದೆನೋ! ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿ ಹಾಕುವಾಗ ನನ್ನ ಕೈ ಎಷ್ಟು ನೆಟ್ಟಗಿರುತ್ತಿತ್ತು ಎಂದು ನೆನೆದರೆ ನನ್ನ ಮೇಲೇ ಮೈ ಉರಿಯುತ್ತದೆ.

ಹೆಂಗಸರು ನನ್ನನ್ನು ಮರೆತು ತಮ್ಮ ಆಟಕ್ಕೆ ಮರಳಿದರು. ಆಟವೇ ಅದು. ನೆರೆಯವಳೊಬ್ಬಳು ಕೇಳಿದಳು: “ಹೇಳ ಬೇ, ನಿಮ್ಮತ್ತಿಗಿ ಸಿಟ್ಟ ಬಂತು.”

“ಶಿ ಗಾಟ್ ಆಂಗ್ರಿ,” ಅಂದಳು ಇವಳು, ಎಳೆ ಹೊಸೆಯುತ್ತಲೇ.

“ಸೀರಿ ತೊಯ್ತು?”

“ಗಾಟ್ ವೆಟ್.”

“ಮದಿವಿ ಆತು?”

“ಗಾಟ್ ಮ್ಯಾರೀಡ್.”

“ಹೌದ್ ಬಿಡ, ಎರಡೂ ಒಂದ ನಮೂನಿ,” ಅಂದಳು ಇನ್ನೊಬ್ಬಳು. ನಾಲ್ಕೂ ಜನ ನಕ್ಕರು, ಎಳೆ ತಪ್ಪಲಿಲ್ಲ.

ಅತ್ತೆ ನನ್ನತ್ತ ತಿರುಗಿದಳು. “ಏನ್ರಿ ಬಾಯಾರ, ಏಳಾಕೂ ಅದ, ಇಳ್ಯಾಕೂ ಅದ, ಜಡ್ಡಿಗೂ ಅದ, ಮದಿವಿಗೂ ಅದ. ಆ ಇಂಗ್ರೇಜಿಯವ್ರ ಮನ್ಯಾಗ ಒಂದ ತಂಬಗಿ ಐತೇನ್ರಿ? ಅದರಾಗ ನೀರ ಕುಡ್ಯೂದು, ಅದರಾಗ ಜಳಕಾ, ಅದನ್ನ ಹಿಡಕೊಂಡ ಬಯಲಕಡಿ?”

ನನಗೂ ನಗು ಬಂತು, ಅದು ಬೇರೆ ಮಾತು. ನಾನು ಕೇಳಿಸಿಕೊಂಡದ್ದು ಬೇರೆಯದು. ನನ್ನ ಮೇಜಿನ ಮುಂದೆ ಹತ್ತು ಅರ್ಥಕ್ಕೆ ಒದ್ದಾಡಿದ್ದವಳು ಅಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ತಪ್ಪಿಲ್ಲದೆ ಹೇಳಿದಳು. ನನ್ನ ನೋಟುಪುಸ್ತಕವನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡಿದ್ದಳಂತೆ. ಮನೆಯ ಮಾತಿಗೆ ಒಂದೊಂದನ್ನೇ ಕೂಡಿಸಿಕೊಂಡಿದ್ದಳು. ಕನ್ನಡ ಮುಟ್ಟಬಾರದೆಂಬ ನನ್ನ ನಿಯಮವನ್ನು ಮುರಿದೇ ಅವಳು ಕಲಿತದ್ದು.

“ಬರಬೇಕೋ ಬ್ಯಾಡೋ ಅಂತ ಅಂಜಿ ಬಿಟ್ಟಿದ್ನಿರಿ,” ಅಂದಳು ಅವಳು, ತಲೆ ಎತ್ತದೆ.

“ನೀ ಬರಬ್ಯಾಡ. ನಾನ ಬರ್ತೀನಿ,” ಅಂದೆ. ಬಾಯಿಂದ ಬಂದ ಮೇಲೆ ಅದೂ ಒಂದು ನಿಯಮವಾಯಿತು. ಉಳಿದ ದಿನ ಮೂರು ಗಂಟೆಯ ಬಸ್ಸಿಗೆ ಹೋದೆ. ಕೆಚ್ಚು ಇದ್ದ ದಿನ ಮಣೆಯ ಮೇಲೆ ಕೂತು ಪಾಠ ಹೇಳಿದೆ, ಇಲ್ಲದ ದಿನ ಶಿಶುವಿಹಾರದ ಕಟ್ಟೆಯ ಮೇಲೆ.

ಕಟ್ಟೆಯ ಮೇಲೆ ಕೂತಾಗಲೇ ಒಂದು ದಿನ ಕೊನೆಯ ಅರ್ಥಕ್ಕೆ ಬಂದೆವು. ಇನ್ನೊಬ್ಬರ ಕೈಯಿಂದ ಕೆಲಸ ಮಾಡಿಸುವುದು. ಅದು ತಿಳಿಸಲು ಕಷ್ಟ ಎಂದು ನಾನು ಅರ್ಧ ಗಂಟೆ ಇಟ್ಟುಕೊಂಡಿದ್ದೆ. ಅವಳಿಗೆ ಅರ್ಧ ನಿಮಿಷ ಸಾಕಾಯಿತು. ಒಳಗೆ ಕುರ್ಚಿಯಲ್ಲಿ ಕೂತಿದ್ದ ಶಿಕ್ಷಕಿಯ ಕಡೆ ಕಣ್ಣು ತೋರಿಸಿ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಹೇಳಿದಳು. ಅವರು ಕಸ ತೆಗೆಸುತ್ತಾರೆ. ಉಪ್ಪಿಟ್ಟು ಮಾಡಿಸುತ್ತಾರೆ. ಹಾಜರಿ ಬರೆಸುತ್ತಾರೆ. ತಮ್ಮ ಸಹಿಯನ್ನೂ ಹಾಕಿಸುತ್ತಾರೆ. ಕೊನೆಯದು ನನಗೆ ಗೊತ್ತಿರಲಿಲ್ಲ.

“ಅವ್ರ ಸಹಿ ನೀ ಮಾಡ್ತಿ?”

“ಕೈ ನೋಯ್ತಾವ ಅಂತಾರ್ರಿ.”

ಕೈಗೆ ಯಾವಾಗಿನಿಂದ ಮಂಡಿನೋವು ಬಂತು ಎಂದು ಒಳಗೆ ಹೋಗಿ ಕೇಳಬೇಕೆಂದು ನಾನು ಎದ್ದೆ. ಅವಳು ಸೆರಗು ಹಿಡಿದು ಕೂರಿಸಿದಳು. “ಈಗ ಬ್ಯಾಡ್ರಿ. ಪರೀಕ್ಷಾ ಮುಗೀಲಿ.”

ಪರೀಕ್ಷೆ ಮುಗಿಯಿತು. ಓದಿ ಉತ್ತರಿಸುವ ಭಾಗದಲ್ಲಿ ಊರಿಗೆ ಮರಳುವ ಮುದುಕನ ಕತೆ ಇತ್ತಂತೆ. ಬಸ್ಸಿಳಿದ, ತೊಯ್ದ, ದಾರಿ ತಪ್ಪಿದ, ಕೊನೆಗೆ ಮನೆ ಸೇರಿದ. “ಪೂರಾ ತಿಳೀತ್ರಿ ಬಾಯಾರ. ಪಾಪ, ಮುದುಕಗ ನೆಗಡಿ ಆತು,” ಎಂದು ಅವಳು ಪರಿಚಯದವರ ಸುದ್ದಿಯಂತೆ ಹೇಳಿದಳು. ಫಲಿತಾಂಶ ಬಂದಾಗ ಪಾಸಾಗಿದ್ದಳು. ದೊಡ್ಡ ಅಂಕವಲ್ಲ. ಆದರೆ ಒಂದೊಂದೂ ಅವಳದೇ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ವಾರದ ಮೇಲೆ ಬಸ್ಸಿನಲ್ಲಿ ಹೋಗುತ್ತಾ ಬನಹಟ್ಟಿಯ ರಸ್ತೆಯಲ್ಲಿ ಒಂದು ಫ್ಲೆಕ್ಸ್ ನೋಡಿದೆ. ಆಳೆತ್ತರ. ಹದಿನೈದು ಇಪ್ಪತ್ತು ಮುಖ, ನಡುವೆ ಇವಳದು. ಮೇಲೆ ‘ನಮ್ಮ ಹೆಮ್ಮೆಯ ಸಾಧಕರು’ ಎಂಬ ಬರಹ, ಪಕ್ಕದಲ್ಲಿ ಟ್ಯೂಷನ್ ಮಾಸ್ತರನ ಕೈಮುಗಿದ ಚಿತ್ರ. ಬಸ್ಸು ನಿಲ್ಲಿಸಿ ಇಳಿದೆ. ಫ್ಲೆಕ್ಸಿನ ಹಿಂದಿನ ಟ್ಯೂಷನ್ ಕೋಣೆಯಲ್ಲಿ ಮಾಸ್ತರ ಬೆಂಚು ಒರೆಸುತ್ತಿದ್ದ.

“ನಿನ್ನ ಪುಸ್ತಕ ಓದಿ ಆಕಿ ಎರಡ ಸಲ ನಪಾಸ ಆದಳು. ಆಕಿ ಫೋಟೋ ಇಳಸು.”

“ಹೆಸರ ಬರಸಿದ್ಲರಿ ನಮ್ಮಲ್ಲಿ. ಪಾಸೂ ಆದ್ಲು. ಎರಡೂ ಖರೆ ಅಲ್ರಿ?”

“ಗೆಟ್ ಅಂದ್ರ ಪಡೆ ಅಂತ ಕಲಸಾಂವ ನೀನು.”

“ಮೂವತ್ತೈದ ಬಂದ್ರ ಸಾಕರಿ ಮಂದಿಗಿ. ಅರ್ಥ ತಗೊಂಡ ಏನ ಮಾಡ್ತಾರ?” ಎಂದು ನಕ್ಕ. “ನಿಮ್ಮ ಫೋಟೋನೂ ಕೊಡ್ರಿ ಬಾಯಾರ, ಮುಂದಿನ ಸಲ ಹಾಕಸ್ತೀನಿ. ಛಲೋ ಕಾಣ್ತೈತಿ.”

ನಾನು ಹಿಂದೆಂದೂ ಬಳಸದ ಕೆಲವು ಮರಾಠಿ ಶಬ್ದ ಬಳಸಿ ಹೊರಗೆ ಬಂದೆ. ಅವಳ ಮನೆಗೆ ಹೋಗಿ ಹೇಳಿದರೆ ಅವಳಿಗೆ ಸಿಟ್ಟೇ ಬರಲಿಲ್ಲ. “ಇರ್ಲಿ ಬಿಡ್ರಿ. ನಮ್ಮತ್ತಿ ಮೂರ ಸಲ ಹೋಗಿ ನೋಡಿ ಬಂದಾಳ.” ಆಮೇಲೆ ದನಿ ಇಳಿಸಿ ನಿಜವಾದ ಸುದ್ದಿ ಹೇಳಿದಳು. ಅವಳು ಅಂಕಪಟ್ಟಿ ಹಿಡಿದುಕೊಂಡು ಮಂಡಳಿಯವರ ಬಳಿ ಹೋಗಿದ್ದಳು. ಅವರು ಪೇಢೆ ಕೊಟ್ಟು ಬಾಯಿ ಸಿಹಿ ಮಾಡಿದರು. ಆಮೇಲೆ, ಪಾಲಕರು ಈಗ ಇಂಗ್ಲಿಷ್ ಮಾತಾಡುವ ಬಾಯಾರು ಬೇಕೆನ್ನುತ್ತಾರೆ, ಮುಧೋಳದಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಒಬ್ಬಳು ಸಿಕ್ಕಿದ್ದಾಳೆ ಎಂದರು. “ನೀ ಹ್ಯಾಂಗೂ ಇದ್ದ ಇರ್ತಿ. ಆಕಿ ಹೊಸಬಾಕಿ, ಆಕಿಗಿ ಎಲ್ಲಾ ಕೆಲಸ ನೀನ ಕಲಸಿಕೊಡು” ಅಂದರಂತೆ.

ಹನ್ನೊಂದು ವರ್ಷ ಅವಳ ಕೈಯಿಂದ ಎಲ್ಲ ಮಾಡಿಸಿದರು. ಈಗ ಅವಳ ಕುರ್ಚಿಯಲ್ಲಿ ಕೂರುವವಳನ್ನೂ ಅವಳ ಕೈಯಿಂದಲೇ ತಯಾರು ಮಾಡಿಸುತ್ತಾರೆ. ಅವರಾರೂ ಕೆಟ್ಟ ಜನ ಅಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡು ಬರುವ ಹಿರಿಯರು, ನನ್ನ ಓರಗೆಯವರು. ಕೊಟ್ಟ ಮಾತು ತಪ್ಪುತ್ತಿದ್ದೇವೆ ಎಂದು ಅವರಿಗೆ ಅನಿಸಿಯೂ ಇಲ್ಲ. ಗುಡಿಸುವ ಕೈ ಕುರ್ಚಿಯ ಮೇಲೆ ಕೂರಬಹುದು ಎಂಬುದೇ ಅವರ ತಲೆಗೆ ಹೊಕ್ಕಿಲ್ಲ, ಅಷ್ಟೇ.

“ಅರ್ಜಿ ಬರಿ,” ಅಂದೆ. “ಇಂಗ್ಲಿಷಿನ್ಯಾಗ ಬರಿ. ಓದಲಿ.”

ಮಣೆಯ ಮೇಲೆ ಹಾಳೆ ಇಟ್ಟು ಬರೆದಳು. ಎಂಟು ಸಾಲು. ತಾನು ಹನ್ನೊಂದು ವರ್ಷದಿಂದ ಮಾಡುವ ಕೆಲಸಗಳು, ಹಾಜರಿ ಬರೆಯುವುದೂ ಸೇರಿ. ಮಂಡಳಿ ಕೇಳಿದ ಪರೀಕ್ಷೆ ಪಾಸಾಗಿದ್ದೇನೆ. ಹೇಳಿದ ಕುರ್ಚಿ ಕೊಡಿ. ಕೊಡದಿದ್ದರೆ ಇನ್ನು ಮುಂದೆ ಸಹಾಯಕಿಯ ಕೆಲಸ ಮಾತ್ರ ಮಾಡುತ್ತೇನೆ, ಅಕ್ಷರ ತಿದ್ದಿಸುವುದಿಲ್ಲ, ಯಾರಿಗೂ ಕಲಿಸಿಕೊಡುವುದಿಲ್ಲ. ನಾನು ಓದಿ ಪೆನ್ನು ಕೇಳಿದೆ.

“ಯಾಕ್ರಿ, ತಪ್ಪದಾವ?”

“ತಪ್ಪಿಲ್ಲ. ಎರಡ ಸಾಲ ಸೇರಸ್ತೀನಿ. ಮಾತು ತಪ್ಪಿದವ್ರು, ನಾಚಿಗಿ ಇಲ್ಲದವ್ರು ಅಂತ.”

ಅವಳು ಹಾಳೆಯನ್ನು ತನ್ನತ್ತ ಎಳೆದುಕೊಂಡಳು. “ಬ್ಯಾಡ್ರಿ ಬಾಯಾರ. ಇದು ನನ್ನ ಅರ್ಜಿ. ನನ್ನ ಕುರ್ಚಿ ಕೇಳಾಕತ್ತೇನಿ. ನಿಮ್ಮ ಸಿಟ್ಟು ನಿಮ್ಮದರಾಗ ಬರ್ಕೋರಿ.”

ಅತ್ತೆ ಒಳಗಿನಿಂದ, “ಸಹಿ ನಿಂದ ಮಾಡ್ಲೇ, ರೂಢಿ ಮ್ಯಾಲ ಆ ಬಾಯಾರದ ಮಾಡೀಯ” ಎಂದು ಕೂಗಿದಳು. ಅವಳು ತನ್ನ ಹೆಸರನ್ನು ಪೂರ್ತಿಯಾಗಿ ಬರೆದು, ಹಾಳೆ ಮಡಚಿ, ತಾನೇ ಕೊಟ್ಟು ಬರಲು ಹೋದಳು. ನನ್ನನ್ನು ಜೊತೆಗೆ ಕರೆಯಲಿಲ್ಲ.

ಮಂಡಳಿಯ ಸಭೆ ಬರುವ ತಿಂಗಳು. ಮುಧೋಳದವಳು ಎರಡು ದಿನ ಬಂದು, ಮೂರನೆಯ ದಿನ ಮಕ್ಕಳನ್ನು ಹಿಡಿಯಲಾಗದೆ ಅಳುತ್ತಾ ಹೋದಳಂತೆ. ಕುರ್ಚಿ ಸದ್ಯ ಖಾಲಿ ಇದೆ. ಇವಳು ಹೇಳಿದ ಮಾತಿಗೆ ನಿಂತಿದ್ದಾಳೆ. ಮಕ್ಕಳನ್ನು ಕರೆತರುತ್ತಾಳೆ, ಉಪ್ಪಿಟ್ಟು ಮಾಡುತ್ತಾಳೆ, ಹಾಜರಿ ಪುಸ್ತಕ ಮುಟ್ಟುವುದಿಲ್ಲ. ಪುಟಗಳು ಖಾಲಿ ಹೋಗುತ್ತಿವೆ. ಹಿರಿಯರು ದಿನಾ ಬಂದು ಅದನ್ನು ತೆರೆದು ನೋಡಿ ಮುಚ್ಚುತ್ತಾರೆ.

ಅವಳ ಅರ್ಜಿಯಲ್ಲಿ ನನಗೆ ಜಾಗ ಸಿಗಲಿಲ್ಲ. ಹೀಗಾಗಿ ಆ ಎರಡು ಸಾಲನ್ನು ಇಲ್ಲಿ ಬರೆದಿದ್ದೇನೆ. ಆ ಹಿರಿಯರು ಕನ್ನಡ ಓದುತ್ತಾರೆ.